ಒಂಟಿ ಸೀನಿನ ಮಳೆಗಾಲ

ನಮ್ಮ ಪುಟ್ಟಿಗೆ ಹೆಣ್ಣು ಮಗು. ಆಸ್ಪತ್ರೆಯಿಂದ ಇವತ್ತು ಬೆಳಿಗ್ಗೆ ಮನೆಗೆ ಬಂತು. ನಾನು ಮುತ್ತಜ್ಜಿ ಆದೆ. ತಾಂಬರಂ ಸ್ಟೇಷನ್ನಿನಲ್ಲಿ ರೈಲು ಬರೋದನ್ನ ಮೈಕಿನಲ್ಲಿ ಒಂದಾದ ಮೇಲೊಂದು ಭಾಷೆಯಲ್ಲಿ ಕೂಗ್ತಾರಲ್ಲ, ಹಾಗೆ ಇದನ್ನೂ ಕೂಗಿಸಬೇಕು ಅನ್ನಿಸ್ತಿದೆ. ಆದರೆ ಕೂಗಿಸೋ ಹಾಗಿಲ್ಲ. ಮಗುವಿನ ಹೆಸರು ಹೇಳೋದಿಲ್ಲ, ಆಸ್ಪತ್ರೆ ಯಾವುದು ಹೇಳೋದಿಲ್ಲ, ಮುಖ ಯಾರ ಹಾಗಿದೆ ಅನ್ನೋದನ್ನೂ ಹೇಳೋದಿಲ್ಲ. ಇದನ್ನು ಬರೆಯಲಾ ಅಂತ ಪುಟ್ಟಿಯನ್ನು ಕೇಳಿಯೇ ಕೂತಿದ್ದೇನೆ. ಕೂದಲಿನ ವಿಷಯ ಮಾತ್ರ ಹೇಳಬಹುದು ಅಂದಿದ್ದಾಳೆ. ತಲೆ ತುಂಬ ಇದೆ.

ಪುಟ್ಟಿ ನನ್ನ ಮಗನ ಮಗಳು. ಅದು ಮನೆಯಲ್ಲಿ ಕರೆಯೋ ಹೆಸರು, ಶಾಲೆ ಕಾಗದದಲ್ಲಿರೋದು ಬೇರೆ. ಇಲ್ಲಿ ಬರೋ ಉಳಿದವರ ಹೆಸರನ್ನೂ ಕೊಂಚ ಬದಲಾಯಿಸಿದ್ದೇನೆ. ಓದುವವರು ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಳೆಗಾಲ ನಮಗೆ ಈ ಅಭ್ಯಾಸ ಕಲಿಸಿತು.

ಇವತ್ತು ಆ ಮಳೆಗಾಲ ನೆನಪಾದದ್ದು ವಾಸನೆಯಿಂದ. ನಿನ್ನೆಯಿಂದ ಬಿಡದೆ ಸುರೀತಾ ಇದೆ. ಮಗುವಿನ ಬಟ್ಟೆಗಳನ್ನು ಹೊರಗೆ ಹಾಕೋಕಾಗದೆ ಹಾಲಿನಲ್ಲೇ ಹಗ್ಗ ಕಟ್ಟಿ, ಫ್ಯಾನ್ ಕೆಳಗೆ ಹರವಿದ್ದೀವಿ. ಅಲ್ಲೇ ಕೂತು ನಮ್ಮ ಯಜಮಾನರು ಖುಷಿ ತಡೆಯಲಾರದೆ ನಶ್ಯದ ಡಬ್ಬಿ ತೆಗೆದರು. ಅರೆ ಒಣಗಿದ ಬಟ್ಟೆ, ನಶ್ಯ, ಮಳೆಯ ತೇವ, ಮೂರೂ ಸೇರಿ ಮೂಗಿಗೆ ಬಡಿದದ್ದೇ ನಾನು ತಲೆ ಎತ್ತಿ ಹಗ್ಗ ನೋಡಿದೆ. ಆ ವರ್ಷವೂ ಇದೇ ಹಗ್ಗ, ಇದೇ ಫ್ಯಾನು. ತೂಗುತ್ತಿದ್ದದ್ದು ಪುಟ್ಟಿಯ ಓಟದ ಬನಿಯನ್ನು, ಚಡ್ಡಿ.

ನಾವು ಕೋಲಾರದ ಕಡೆಯವರು. ಯಜಮಾನರಿಗೆ ರೈಲ್ವೆ ಷೆಡ್ಡಿನಲ್ಲಿ ಕೆಲಸ ಸಿಕ್ಕಿ ಮದರಾಸಿಗೆ ಬಂದೆವು, ತಾಂಬರಂನಲ್ಲೇ ನಿಂತೆವು. ಬೋಗಿಗಳ ಸದ್ದಿನಲ್ಲಿ ಅವರ ಕಿವಿ ಮಂದವಾಯಿತು. ಅದಕ್ಕೇ ಅವರು ಫೋನಿಗೆ, ಬಾವಿಯೊಳಗೆ ಬಿದ್ದವರನ್ನು ಕೂಗೋ ಹಾಗೆ ಮಾತಾಡೋದು. ನಾನು ಓದಿದ್ದು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಪುಟ್ಟಿ ನಡೆಯೋಕೆ ಮುಂಚೆ ಓಡಿದವಳು. ಆ ವರ್ಷ ಅವಳ ಆಟದ ಮೇಷ್ಟರ ಓದು ಮುಗಿದಿತ್ತು. ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸಕ್ಕೆ ಆರಿಸಿಕೊಂಡಿದ್ದರು, ಪೊಂಗಲ್ ಆದಮೇಲೆ ಬಂದು ಸೇರು ಅಂದಿದ್ದರು. ಅದು ಅವಳು ಚಿಕ್ಕಂದಿನಿಂದ ಬೇಡಿದ ಕೆಲಸ. ಅಲ್ಲಿವರೆಗೂ ಸುಮ್ಮನೆ ಯಾಕೆ ಕೂರೋದು ಅಂತ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಬೆಳಿಗ್ಗೆ ಹೊತ್ತು ಸಣ್ಣ ಮಕ್ಕಳಿಗೆ ಓಟ ಕಲಿಸುತ್ತಿದ್ದಳು. ಫೋಟೋ ಹಾಕುವ ಒಂದು ಆ್ಯಪ್‌ನಲ್ಲಿ ಅವಳದೊಂದು ಖಾತೆ ಇತ್ತು. ಮಕ್ಕಳನ್ನು ಸೇರಿಸೋರಿಗೆ ಗೊತ್ತಾಗಲಿ ಅಂತ ಅಲ್ಲೇ ಮೈದಾನದ ಹೆಸರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಅಲ್ಲಿರ್ತೀನಿ ಅನ್ನೋದು, ಫೋನ್ ನಂಬರು, ಎಲ್ಲ ಬರೆದಿದ್ದಳು. ಯಾರು ಬೇಕಾದರೂ ನೋಡಬಹುದಿತ್ತು. ಅದರಲ್ಲಿ ತಪ್ಪೇನಿದೆ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಅಂಗಡಿ ಮುಂದೆ ಬೋರ್ಡು ಹಾಕೋದಿಲ್ಲವೇ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೀಚಿನಲ್ಲಿ ಓಟದ ಪಂದ್ಯ. ಮೊದಲನೇ ಎಲೆಕ್ಟ್ರಿಕ್ ರೈಲಿಗೆ ಪುಟ್ಟಿ ಹೋದಳು. ಮಳೆಯಲ್ಲೇ ಓಡಿಸಿದರಂತೆ. ಎರಡನೇ ಪ್ರೈಜು ಬಂತು ಅಂತ ಫೋನ್ ಮಾಡಿದಳು. ಒಂದು ಫೋಟೋನೂ ಹಾಕಿದ್ದಳು: ನೆನೆದು ತೊಪ್ಪೆಯಾಗಿದ್ದಾಳೆ, ಜಾರೋ ಮೆಟ್ಟಿಲ ಮೇಲೆ ಯಾವನೋ ಹುಡುಗ ಕೈ ಹಿಡಿದು ವೇದಿಕೆಗೆ ಎಳೀತಿದ್ದಾನೆ, ಇಬ್ಬರೂ ನಗ್ತಿದ್ದಾರೆ.

ಯಜಮಾನರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ಬಂಧುಗಳದೊಂದು ಗ್ರೂಪು ಇದೆ, ಚೆನ್ನೈ, ಹೊಸೂರು, ಕೋಲಾರ ಎಲ್ಲ ಕಡೆಯವರೂ ಇದ್ದಾರೆ. ಅದಕ್ಕೆ ವಾಯ್ಸ್ ಮೆಸೇಜು ಕಳಿಸೋದನ್ನು ಹೊಸದಾಗಿ ಕಲಿತಿದ್ದರು. ಬಟನ್ ಒತ್ತಿ ಹಿಡಿದು ಮಾತಾಡಬೇಕು, ಬೆರಳು ಎತ್ತಿದರೆ ಹೋಗಿಬಿಡುತ್ತೆ. ನಶ್ಯ ಏರಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಎಲ್ಲರೂ ಕೇಳಿಸ್ಕೊಳಿ. ನಮ್ಮ ಪುಟ್ಟಿ ಬೆಳಿಗ್ಗೆ ಓಡಿ ಹೋದಳು..."

ಅಷ್ಟರಲ್ಲಿ ಸೀನು ಬಂತು. ಮೂಗು ಹಿಡಿಯೋಕೆ ಬೆರಳು ಎತ್ತಿದರು.

ನಮ್ಮ ಮನೆಯಲ್ಲಿ ಒಂಟಿ ಸೀನು ಅಂದರೆ ಆಗೋದಿಲ್ಲ. ಯಾರಾದರೂ ಒಂದು ಸೀನಿದರೆ ಇನ್ನೊಂದು ಬರೋವರೆಗೆ ಹೊಸಿಲು ದಾಟೋದಿಲ್ಲ, ತುತ್ತು ಎತ್ತೋದಿಲ್ಲ. ಅದಕ್ಕೇ ಅವರು ಎರಡನೇ ಸೀನಿಗೆ ಕಾದು, ಅದನ್ನು ಸೀನುತ್ತಲೇ ಮತ್ತೆ ಬಟನ್ ಒತ್ತಿ ಉಳಿದದ್ದನ್ನೆಲ್ಲ ಹೇಳಿ ಮುಗಿಸಿದರು. ಆ ಹೊತ್ತಿಗೆ ಕರೆಂಟ್ ಹೋಗಿ ಸಿಗ್ನಲ್ಲೂ ಹೋಗಿತ್ತು. ಕಿಟಕಿ ಹತ್ತಿರ ಸಿಗುತ್ತೆ ಅಂತ ಫೋನನ್ನು ಅಲ್ಲಿಟ್ಟು ಸ್ನಾನಕ್ಕೆ ಹೋದರು. ಎರಚಲು ಹೊಡೆದು ಫೋನು ಸತ್ತಿತು. ಸೊಸೆ ವಸಂತಿ, ಪುಟ್ಟಿಯ ಅಮ್ಮ, ಅದನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಳು, ಅಕ್ಕಿ ನೀರು ಹೀರುತ್ತೆ ಅಂತ. ನಾವು ಅದನ್ನು ಮರೆತೆವು.

ಮಾರನೇ ದಿನ ಹೂವಿನವಳು ಗೇಟಿನ ಹತ್ತಿರ ನಿಂತು, ದನಿ ತಗ್ಗಿಸಿ ಕೇಳಿದಳು. "ಪಾಟಿ, ಪೇತ್ತಿ ಕೆಡಚ್ಚಿಟ್ಟಾಳಾ?" ಮೊಮ್ಮಗಳು ಸಿಕ್ಕಿದಳಾ ಅಂತ.

"ಸಿಕ್ಕದೆ ಎಲ್ಲಿ ಹೋಗ್ತಾಳೆ, ಸ್ನಾನ ಮಾಡ್ತಿದ್ದಾಳೆ," ಅಂದೆ.

ಅವಳು ನನ್ನ ಮುಖ ನೋಡಿದಳು. ಒಳಗಿಂದ ಪುಟ್ಟಿಯ ಹಾಡು ಕೇಳುತ್ತಿತ್ತು. ಎರಡು ಮೊಳ ಹೂವನ್ನು ಜಾಸ್ತಿಯೇ ಅಳೆದು ಕೊಟ್ಟು, ನನ್ನ ಕೈ ಅಮುಕಿ ಹೋದಳು. ಏನೋ ಆಗಿದೆ ಅಂತ ನನಗೆ ಆಗಲೇ ಅನ್ನಿಸಿತು.

ಸಂಜೆ ಮಗ ಮೋಹನ ಮಳೆಯಲ್ಲಿ ನೆನೆದು ಬಂದವನು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದ. ಅವನು ಆ ಗ್ರೂಪಿನ ಬಾಯಿ ಮುಚ್ಚಿಟ್ಟಿದ್ದ, ಅದರ ಗಲಾಟೆ ಬೇಡ ಅಂತ. ಆಫೀಸಿನಲ್ಲಿ ಯಾರೋ ತೋರಿಸಿದ ಮೇಲೆ ತೆಗೆದು ನೋಡಿದ್ದಾನೆ. ಫೋನನ್ನು ಅಪ್ಪನ ಕಿವಿಗೇ ಹಿಡಿದ. ನಮ್ಮ ಪುಟ್ಟಿ ಬೆಳಿಗ್ಗೆ ಓಡಿ ಹೋದಳು. ಅಷ್ಟೇ. ಕೊನೆಯಲ್ಲಿ ಸೀನಿಗೆ ಮುಂಚಿನ ಒಂದು "ಹಾ", ಅಳು ಬಂದು ಗಂಟಲು ಕಟ್ಟಿದ ಹಾಗೆ.

"ನಾನು ಪ್ರೈಜು ಅಂತಾನೂ ಹೇಳಿದೆ ಕಣೋ," ಅಂದರು ಯಜಮಾನರು.

"ಎಲ್ಲಿದೆ ಅಪ್ಪ ಪ್ರೈಜು? ನಿಮ್ಮ ಬಾಯಲ್ಲೇ ಬಂದಿದೆ ಕೇಳಿ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು ಜನಕ್ಕೆ?"

ನಮ್ಮ ಕನ್ನಡದಲ್ಲಿ ಓಡಿ ಹೋದಳು ಅಂದರೆ ಏನು ಅಂತ ನಿಮಗೆ ಗೊತ್ತು. ತಮಿಳಿನಲ್ಲೂ ಓಡಿಪ್ಪೋಯಿಟ್ಟಾ ಅಂದರೆ ಅದೇ. ಯಾರಿಗೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಯಜಮಾನರ ಅಕ್ಕನ ಸೊಸೆ ಗಿರಿಜ, ಟಿ. ನಗರದಲ್ಲಿರೋದು, ಆ ಅರ್ಧ ಮಾತನ್ನೂ ಪುಟ್ಟಿಯ ಖಾತೆಯಲ್ಲಿದ್ದ ಕೈ ಹಿಡಿದ ಫೋಟೋವನ್ನೂ ಜೋಡಿಸಿ, ಯಾರಾದರೂ ನೋಡಿದರೆ ತಿಳಿಸಿ ಅಂತ ನಾಲ್ಕು ಕಡೆ ಕಳಿಸಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಯಜಮಾನರ ನಂಬರಿಗೆ ಫೋನ್ ಮಾಡಿದ್ದಳಂತೆ, ಸ್ವಿಚ್ ಆಫ್ ಅಂತ ಬಂತಂತೆ. ಪಾಪ, ಅವಮಾನಕ್ಕೆ ಫೋನೂ ಆಫ್ ಮಾಡಿಕೊಂಡಿದ್ದಾರೆ ಅಂತ ಅದನ್ನೂ ಬರೆದಳು. ಫೋನು ಅಕ್ಕಿಯಲ್ಲಿ ಮಲಗಿತ್ತು.

ಪುಟ್ಟಿ ಮೊದಲು ನಕ್ಕಳು. "ಅಜ್ಜಿ, ಟೆನ್ಷನ್ ಆಗಬೇಡಿ. ನಾನು ಇಲ್ಲೇ ಇದ್ದೀನಲ್ಲ, ಎಲ್ಲ ಸರಿ ಹೋಗುತ್ತೆ." ಮನೆಯಲ್ಲೇ ಇದ್ದೀನಿ ಅಂತ ಗ್ರೂಪಿಗೆ ಬರೆದಳು. ಅದಕ್ಕೆ ಒಬ್ಬರು, ಕರ್ಕೊಂಡು ಬಂದ್ರಾ, ಒಳ್ಳೇದಾಯ್ತು, ಅಂತ ಉತ್ತರ ಕೊಟ್ಟರು.

ಅವಳ ನಗು ನಿಂತದ್ದು ಆಮೇಲೆ. ಯಾವನೋ ಅವಳ ಖಾತೆಯಿಂದ ಫೋಟೋಗಳನ್ನು ಕದ್ದು, ಅವಳ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದಿದ್ದ. ಅದರಲ್ಲಿ ಅವಳೇ ಹೇಳಿದ ಹಾಗೆ ಏನೇನೋ ಬರೆದಿದ್ದ, ಅದನ್ನು ನನಗೆ ಓದಿ ಹೇಳಲಿಲ್ಲ. ಕೆಳಗೆ ಅವಳ ಫೋನ್ ನಂಬರು. ಗುರುತಿಲ್ಲದ ಗಂಡಸರು ಕರೆಯೋಕೆ ಶುರು ಮಾಡಿದರು. ಫೋನು ಗುಂಯ್ ಅಂದಾಗಲೆಲ್ಲ ವಸಂತಿಯ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಪುಟ್ಟಿ ಮೈದಾನದಿಂದ ಬೇಗ ವಾಪಸು ಬಂದು ಬಾಗಿಲು ಹಾಕಿ ಚಿಲಕ ತಳ್ಳಿದಳು. ಮೈದಾನದ ಕಾಂಪೌಂಡಿನ ಹತ್ತಿರ ಬೈಕಿನಲ್ಲಿ ಕೂತವನೊಬ್ಬ, ಓಡಿಪ್ಪೋಲಾಮಾ ಅಂದನಂತೆ. ಓಡಿ ಹೋಗೋಣವಾ ಅಂತ.

"ಅಜ್ಜಿ, ಅವನಿಗೆ ನಾನು ಬರೋ ಟೈಮ್ ಗೊತ್ತಿತ್ತು," ಅಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. "ನಾನೇ ಬರೆದಿಟ್ಟಿದ್ದೀನಿ ಅಜ್ಜಿ. ಮನೆ ಬಾಗಿಲಿಗೆ ಗ್ರಿಲ್ ಹಾಕಿದ್ದೀವಿ, ಈ ಖಾತೆಗೆ ಬಾಗಿಲೇ ಇಟ್ಟಿರಲಿಲ್ಲ."

ಅವತ್ತಿನಿಂದ ಓಟ ನಿಂತಿತು. ಮಳೆ ಮಾತ್ರ ನಿಲ್ಲಲಿಲ್ಲ. ಬೀದಿಯಲ್ಲಿ ಮೊಣಕಾಲು ನೀರು, ಶಾಲೆಗಳಿಗೆ ದಿನಾ ರಜ. ಹಗ್ಗದ ಮೇಲೆ ಅವಳ ಓಟದ ಬಟ್ಟೆ ಒಣಗಿದರೂ ಯಾರೂ ತೆಗೆಯಲಿಲ್ಲ. ಯಜಮಾನರು ನಶ್ಯದ ಡಬ್ಬಿಯನ್ನು ದೇವರ ಗೂಡಿನ ಹಿಂದಿಟ್ಟು, ಮಾತು ಬಿಟ್ಟು ಕೂತರು. ಮಗ ಒಂದು ಸಲ, "ನಿಮ್ಮ ಕೈಗೆ ಫೋನ್ ಕೊಟ್ಟಿದ್ದೇ ತಪ್ಪು," ಅಂದುಬಿಟ್ಟಿದ್ದ. ಕಿವಿ ಮಂದವಾದರೂ ಆ ಮಾತು ಅವರಿಗೆ ಚೆನ್ನಾಗಿ ಕೇಳಿಸಿತ್ತು, ಆಮೇಲೆ ಆ ಫೋನು ಎಲ್ಲಿ ಅಂತಲೂ ಅವರು ಕೇಳಲಿಲ್ಲ.

ಆ ನಡುವೆ ಶಾಲೆಯ ಹೆಡ್ಮಿಸ್ಸಿನ ಫೋನು. ತಮಿಳಿನಲ್ಲಿ ಮೆತ್ತಗೆ ಮಾತಾಡಿದರು. ಆ ಸುಳ್ಳು ಖಾತೆಯನ್ನು ಪುಟ್ಟಿಯದೇ ಅಂತ ಯಾರೋ ಅವರಿಗೆ ಕಳಿಸಿದ್ದರಂತೆ. ಹೆಣ್ಣುಮಕ್ಕಳ ಶಾಲೆ ಅಲ್ಲವಾ, ಮ್ಯಾನೇಜ್ಮೆಂಟಿನವರು ಯೋಚನೆ ಮಾಡ್ತಿದ್ದಾರೆ, ಪೊಂಗಲ್ ಹೊತ್ತಿಗೆ ಹೇಳ್ತೀನಿ ಅಂದರು. ಪುಟ್ಟಿ ಫೋನ್ ಕೆಳಗಿಟ್ಟು, ನನ್ನ ಮಡಿಲಲ್ಲಿ ತಲೆ ಇಡದೆ, ಗೋಡೆ ನೋಡುತ್ತಾ ಕೂತಳು. ಮಡಿಲಲ್ಲಿ ತಲೆ ಇಟ್ಟು ಅತ್ತಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

"ಎಲ್ಲ ಅಳಿಸಿಬಿಡ್ತೀನಿ. ನಾನು ಎಲ್ಲೂ ಇಲ್ಲ ಅನ್ನೋ ಹಾಗೆ," ಅಂದಳು.

"ಅಳಿಸಿದರೆ ಅವನದೊಂದೇ ಉಳಿಯುತ್ತಲ್ಲ," ಅಂದಳು ವಸಂತಿ. ಸೊಸೆ ಮಾತಾಡೋದು ಕಡಿಮೆ. ಅವತ್ತು ಸೆರಗು ಸಿಕ್ಕಿಸಿ, ಪುಟ್ಟಿಯನ್ನೂ ನನ್ನನ್ನೂ ಆಟೋ ಹತ್ತಿಸಿ ಸೈಬರ್ ಪೊಲೀಸಿನವರ ಹತ್ತಿರ ಕರೆದುಕೊಂಡು ಹೋದಳು. ಪೊಲೀಸು ಮೆಟ್ಟಿಲು ಹತ್ತಿದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಾನು ದಾರಿಯುದ್ದಕ್ಕೂ ಯಾರಾದರೂ ನೋಡ್ತಾರೇನೋ ಅಂತ ಆಟೋ ಪರದೆ ಹಿಡಿದು ಕೂತಿದ್ದೆ.

ಅಲ್ಲಿದ್ದ ಹೆಂಗಸು ಮೇಡಂ ಪುಟ್ಟಿಯ ವಯಸ್ಸಿನವಳೇ. ಮೊದಲ ಮಾತೇ, "ಏನನ್ನೂ ಅಳಿಸಿಲ್ಲ ತಾನೆ?" ಅಂದಳು. ಇನ್ನೂ ಇಲ್ಲ ಅಂದದ್ದಕ್ಕೆ, ಒಳ್ಳೇದಾಯ್ತು ಅಂದಳು. ಆ ಸುಳ್ಳು ಖಾತೆಯನ್ನೂ, ಬಂದ ಮೆಸೇಜುಗಳನ್ನೂ ಒಂದೊಂದಾಗಿ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಅವನಿಗೆ ಉತ್ತರ ಕೊಡಬಾರದು, ಬೈಯೋದೂ ಬೇಡ, ಇದು ನಕಲಿ ಅಂತ ಆ್ಯಪ್‌ನವರಿಗೆ ರಿಪೋರ್ಟ್ ಮಾಡಿ, ಗುರುತಿನವರ ಕೈಯಲ್ಲೂ ಮಾಡಿಸಿ ಅಂದಳು. ಪುಟ್ಟಿ ಅಲ್ಲೇ ಕೂತು ತನ್ನ ಖಾತೆಗೆ ಬೀಗ ಹಾಕಿದಳು, ನಂಬರು ತೆಗೆದಳು, ಮೈದಾನದ ಹೆಸರು ತೆಗೆದಳು. ದೂರಿನ ರಸೀದಿ ಕೊಟ್ಟರು. ವಾಪಸು ಬರೋವಾಗ ನಾನು ಪರದೆ ಹಿಡಿದುಕೊಳ್ಳಲಿಲ್ಲ. ಕೈ ಸೋತಿತ್ತು.

ಬಂಧುಗಳ ಕೈಯಲ್ಲಿ ರಿಪೋರ್ಟ್ ಮಾಡಿಸಬೇಕಾದರೆ ಅವರು ನಮ್ಮನ್ನು ನಂಬಬೇಕಲ್ಲ. ಅದೇ ಚಿಂತೆಯಲ್ಲಿ ಮಾರನೇ ದಿನ ಅಡುಗೆಗೆ ಅಕ್ಕಿ ತೆಗೆಯೋಕೆ ಡ್ರಮ್ಮಿಗೆ ಕೈ ಹಾಕಿದೆ. ಪಾವು ಏನಕ್ಕೋ ಟಕ್ ಅಂತ ತಾಗಿತು. ತೆಗೆದರೆ ಯಜಮಾನರ ಫೋನು. ಸುಮ್ಮನೆ ಚಾರ್ಜಿಗೆ ಹಾಕಿದೆ. ಪುಟ್ಟಿ ಬಂದು ಬಟನ್ ಒತ್ತಿದಳು. ಬೆಳಕು ಬಂತು, ಜೀವ ಬಂತು, ಇದ್ದಕ್ಕಿದ್ದ ಹಾಗೆ ಟಿಂಗ್ ಅಂತು.

"ತಾತ, ಏನೋ ಹೋಯ್ತು," ಅಂದಳು ಪುಟ್ಟಿ. "ನಾನು ಏನೂ ಕಳಿಸಿಲ್ಲ, ತಾನಾಗಿ ಹೋಯ್ತು."

ಮನೆಯವರೆಲ್ಲ ಗಾಬರಿಯಿಂದ ಸುತ್ತ ನಿಂತೆವು. ಇನ್ನೇನು ಹೋಯಿತೋ, ಇನ್ಯಾವ ಮಾನ ಹೋಯಿತೋ. ಪುಟ್ಟಿ ಅದನ್ನು ಒತ್ತಿದಳು. ಮೊದಲು ಒಂದು ದೊಡ್ಡ ಸೀನು. ಆಮೇಲೆ ಯಜಮಾನರ ದನಿ, ಬಾವಿಗೆ ಕೂಗೋ ದನಿ: "ಹೇಗೆ ಅಂತೀರಾ, ಗಾಳಿ ಹೋದ ಹಾಗೆ ಹೋದಳು. ಬೀಚಿನಲ್ಲಿ ಮಳೆ, ಆ ಮಳೆಯಲ್ಲೇ ಓಡಿ ಎರಡನೇ ಪ್ರೈಜು ತಗೊಂಡಳು. ಮೊದಲನೇದು ಯಾಕಿಲ್ಲ ಅಂತ ಯಾರಾದರೂ ಕೇಳಿದರೆ ನಾನು ಸುಮ್ಮನಿರೋದಿಲ್ಲ."

ಪುಟ್ಟಿ ನೆಲದ ಮೇಲೆ ಕೂತು ನಕ್ಕಳು. ನಗುತ್ತಾ ನಗುತ್ತಾ ಅತ್ತಳು, ಅಂತೂ ಅತ್ತಳು. ಯಜಮಾನರು, "ಹೇಳಿದ್ನಾ ಇಲ್ವಾ ಪ್ರೈಜು ಅಂತ?" ಅಂತ ಮಗನನ್ನು ಕೇಳಿದರು. ಮೋಹನ ದೇವರ ಗೂಡಿನ ಹಿಂದಿಂದ ನಶ್ಯದ ಡಬ್ಬಿ ತಂದು ಅಪ್ಪನ ಕೈಯಲ್ಲಿಟ್ಟ.

ಗಿರಿಜ ಅವತ್ತೇ ಫೋನ್ ಮಾಡಿದಳು. "ಅತ್ತೆ, ನನ್ನ ನಾಲಿಗೆಗೆ ಸೂಜಿ ಚುಚ್ಚಬೇಕು," ಅಂದಳು. "ನಾಲಿಗೆ ಅಲ್ಲಮ್ಮ, ಬೆರಳಿಗೆ," ಅಂದೆ. ಅವಳೇ ಎಲ್ಲರ ಹಿಂದೆ ಬಿದ್ದು ಆ ಸುಳ್ಳು ಖಾತೆಯನ್ನು ರಿಪೋರ್ಟ್ ಮಾಡಿಸಿದಳು. ಆ್ಯಪ್‌ನವರು ತೆಗೆದುಹಾಕಿದರು, ಅದು ಇಳಿಯಿತು. ಕೊಂಚ ದಿನಕ್ಕೆ ಹೆಸರಿನಲ್ಲಿ ಒಂದಕ್ಷರ ಬದಲಾಗಿ ಮತ್ತೆ ಎದ್ದಿತು, ಮತ್ತೆ ಇಳಿಸಿದರು. ಮಾಡಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಸಂಗತಿ ನನಗೆ ಆಗಲೇ ತಿಳಿದದ್ದು. ಅರ್ಧ ಮಾತು ಹೂವಿನವಳ ತನಕ ಹೋಗಿತ್ತು. ಉಳಿದರ್ಧ ನಮ್ಮ ಗ್ರೂಪಿನ ಹೊಸಿಲು ದಾಟಲಿಲ್ಲ. ಪ್ರೈಜು ಬಂದ ಸುದ್ದಿಯನ್ನು ಯಾರು ಮುಂದೆ ಕಳಿಸ್ತಾರೆ.

ಅದಕ್ಕೇ ಪುಟ್ಟಿ ತಾನೇ ಶಾಲೆಗೆ ಹೋದಳು, ತಾತನನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು. ಹೆಡ್ಮಿಸ್ಸಿನ ಮುಂದೆ ದೂರಿನ ರಸೀದಿ ಇಟ್ಟಳು, ತನ್ನದು ಯಾವುದು ನಕಲಿ ಯಾವುದು ತೋರಿಸಿದಳು, ಆಮೇಲೆ ಎರಡು ತುಂಡು ಮಾತನ್ನೂ ಒಂದರ ಹಿಂದೆ ಒಂದು ಹಾಕಿ ತಮಿಳಿನಲ್ಲಿ ಅರ್ಥ ಹೇಳಿದಳು. ದನಿ ನಡುಗಲಿಲ್ಲ. ಹೆಡ್ಮಿಸ್ಸು ಕನ್ನಡಕ ತೆಗೆದು ಯಜಮಾನರ ಕಡೆ ತಿರುಗಿದರು.

"ನೀಂಗಳಾ ತುಮ್ಮಿನದು?" ಸೀನಿದ್ದು ನೀವೇನಾ ಅಂತ.

ಯಜಮಾನರು ಕೈ ಕಟ್ಟಿಕೊಂಡು ತಲೆ ಆಡಿಸಿದರು, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ. ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಪುಟ್ಟಿಯನ್ನು ಕೇಳಿದರು, ದೂರು ಕೊಡೋಕೆ ಯಾರು ಹೇಳಿದ್ದು ಅಂತ. ಅಮ್ಮ, ಅಂದಳು. "ನಮ್ಮ ಹುಡುಗಿಯರಿಗೂ ಇಂಥದ್ದು ಆಗುತ್ತೆ. ಮನೆಯಲ್ಲಿ ಹೇಳದೆ ಒಳಗೇ ಇಟ್ಕೋತಾರೆ," ಅಂದರು. ಆಮೇಲೆ ಪೊಂಗಲ್ ಆದಮೇಲೆ ಬಂದು ಸೇರಲಿ ಅಂತ ನನ್ನ ಕಡೆ ನೋಡಿ ಹೇಳಿದರು. ಹೊರಗೆ ಬಂದಾಗ ಆ ಮಳೆಗಾಲದಲ್ಲಿ ಮೊದಲ ಸಲ ಬಿಸಿಲು ಕಣ್ಣಿಗೆ ಹೊಡೆಯಿತು. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಹಗ್ಗದ ಮೇಲಿದ್ದ ಓಟದ ಬಟ್ಟೆ ತೆಗೆದು ಮತ್ತೆ ಒಗೆದು ಮಾಳಿಗೆಯ ಮೇಲೆ ಹರವಿದ್ದು.

ಈಗ ಪುಟ್ಟಿ ಅದೇ ಶಾಲೆಯಲ್ಲಿದ್ದಾಳೆ. ಮದುವೆ ಆಯಿತು. ಎಲ್ಲರೂ ಕೇಳ್ತಾರೆ, ಆ ಫೋಟೋದ ಹುಡುಗನಾ ಅಂತ. ಅಲ್ಲ. ಅವನ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ, ಪಾಪ, ಜಾರಬಾರದು ಅಂತ ಕೈ ಕೊಟ್ಟವನು. ಅವನ ಮಾನದ ಬಗ್ಗೆ ನಾವು ಯಾರೂ ಯೋಚಿಸಲೇ ಇಲ್ಲ.

ಇಷ್ಟೆಲ್ಲ ಆದರೂ ಫೋನು ಗುಂಯ್ ಅಂದರೆ ನನ್ನ ಎದೆ ಈಗಲೂ ಒಂದು ಸಲ ನಿಂತು ಹೊಡೆಯುತ್ತೆ. ಇವತ್ತು ಮಧ್ಯಾಹ್ನ ಹಾಗೇ ಆಯಿತು. ನೋಡಿದರೆ ಗಿರಿಜ.

"ಅತ್ತೆ, ಮಗು ಫೋಟೋ ಒಂದು ಕಳಿಸಿ, ನಾನು ಸ್ಟೇಟಸ್..." ಅಂದವಳು ಅಲ್ಲೇ ನಿಲ್ಲಿಸಿದಳು. "ಬೇಡ ಬಿಡಿ. ನಾನೇ ಬರ್ತೀನಿ."

ಮಳೆಯಲ್ಲೇ ಬಂದಳು, ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಬಾಳೆ ಎಲೆಯ ಕಟ್ಟು ಹೊತ್ತುಕೊಂಡು. ಮಗುವನ್ನು ನೋಡಿ, "ಎಷ್ಟು ಕೂದಲು," ಅಂದಳು. ಅಷ್ಟು ಮಾತ್ರ ಹೊರಗೆ ಹೇಳಬಹುದು ಅಂತ ಪುಟ್ಟಿ ಅವಳಿಗೂ ಹೇಳಿದಳು.

ಯಜಮಾನರಿಗೆ ಗ್ರೂಪಿಗೆ ತಾನೇ ಸುದ್ದಿ ಹೇಳಬೇಕು ಅಂತ ಆಸೆ. ಪುಟ್ಟಿ ಒಪ್ಪಿದಳು. "ತಾತ, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಅಷ್ಟೇ. ಬೆರಳು ಎತ್ತಬೇಡಿ." ಅವರು ಹೇಳಿ ಮುಗಿಸೋ ತನಕ ಮೋಹನ ನಶ್ಯದ ಡಬ್ಬಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡಿದ್ದ. ಒಂದೇ ಉಸಿರಿನಲ್ಲಿ ಪೂರ್ತಿ ಹೋಯಿತು.

ದೀಪ ಹಚ್ಚಿದ ಮೇಲೆ ಸಂಜೆಯೇ ಊಟಕ್ಕೆ ಕೂತೆವು. ಒಣಗೋ ಬಟ್ಟೆಗಳ ಕೆಳಗೇ ಸಾಲಾಗಿ ಎಲೆ ಹಾಕಿದೆವು. ಫೋನುಗಳೆಲ್ಲ ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲೆ. ಯಜಮಾನರು, ಪುಟ್ಟಿಯ ಗಂಡ, ಮೋಹನ, ಗಿರಿಜ, ಕೊನೆಗೆ ನಾನೂ ವಸಂತಿಯೂ. ಪುಟ್ಟಿ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಬಾಣಂತಿಯ ಮೆಣಸಿನ ಸಾರು ಅನ್ನ ಇಟ್ಟುಕೊಂಡಿದ್ದಳು, ಅವಳ ಬೆನ್ನ ಹಿಂದೆ ತೊಟ್ಟಿಲು. ಪಾಯಸ ಬಡಿಸಿ ಆಯಿತು. ಎಲ್ಲರೂ ಎಲೆಗೆ ಕೈ ಹಾಕಬೇಕು, ಅಷ್ಟರಲ್ಲಿ ಯಜಮಾನರು ಸೀನಿದರು.

ಒಂದೇ.

ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು. ಯಜಮಾನರು ಮೂಗು ಉಜ್ಜಿದರು, ಫ್ಯಾನ್ ಕಡೆ ಮುಖ ಮಾಡಿದರು, ಇನ್ನೊಂದು ಬರಲಿಲ್ಲ. ಹೊರಗೆ ಮಳೆ. ಗಿರಿಜ ನನ್ನ ಮುಖ ನೋಡಿದಳು, ನಾನು ಮೋಹನನ ಮುಖ ನೋಡಿದೆ.

ಆಗ ಕೋಣೆಯಿಂದ, ತೊಟ್ಟಿಲೊಳಗಿಂದ, ಬೆಕ್ಕಿನ ಮರಿಯಂಥ ಒಂದು ಸಣ್ಣ ಸೀನು ಬಂತು.

"ಜೋಡಿ ಆಯ್ತು," ಅಂದಳು ಪುಟ್ಟಿ. "ಊಟ ಮಾಡಿ ತಾತ."

ಊಟ ಮಾಡಿದೆವು.